ನಾಲೆ ಬಯಲಿನ ಸುಗ್ಗಿ

ಸಂಕ್ರಾಂತಿಯ ಸಂಜೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಊರುಗಳಲ್ಲಿ ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚುತ್ತಾರೆ. ಬೆಳಿಗ್ಗೆ ಮೈತೊಳೆಸಿಕೊಂಡು, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡ ರಾಸುಗಳು ಒಡೆಯನ ಜೊತೆ ಓಡಿಬಂದು ಆ ಉರಿಯನ್ನು ದಾಟುತ್ತವೆ. ಕಿಚ್ಚು ಹಾಯಿಸುವುದೆಂದರೆ ಇದೇ. ರೋಗ ತಗಲದಿರಲಿ, ಮೈಮೇಲಿನ ಉಣ್ಣಿ ಉದುರಲಿ ಎಂಬುದು ರೈತರ ವಿವರಣೆ. ದೂರದ ಐರ್ಲೆಂಡಿನಲ್ಲೂ ಇಂಥದೇ ಪದ್ಧತಿಯಿತ್ತು. ಮೇ ಮೊದಲ ದಿನದ ಬೆಲ್ಟೇನ್ ಹಬ್ಬದಲ್ಲಿ ಎರಡು ಬೆಂಕಿಗಳ ನಡುವೆ ದನಗಳನ್ನು ಹಾಯಿಸುತ್ತಿದ್ದರೆಂದೂ, ಅದು ವರ್ಷವಿಡೀ ರೋಗ ಬಾರದಂತೆ ಮಾಡುವ ಕಾಪೆಂದೂ ಸುಮಾರು ಕ್ರಿ.ಶ. 900ರ ಐರಿಷ್ ನಿಘಂಟೊಂದು ಹೇಳುತ್ತದೆ. ಎರಡು ನಾಡುಗಳ ನಡುವೆ ಈ ವಿಷಯದಲ್ಲಿ ಕೊಡುಕೊಳ್ಳುವಿಕೆ ನಡೆದಿತ್ತೆನ್ನಲು ಆಧಾರವಿಲ್ಲ. ಅದರ ಅಗತ್ಯವೂ ಇಲ್ಲ. ದನವೇ ಬದುಕಾದ ಕಡೆ ದನದ ಕ್ಷೇಮವೇ ಹಬ್ಬವಾಗುತ್ತದೆ. ಋತುಹಬ್ಬದ ಬಲ ಇರುವುದು ದುಡಿಮೆಯಲ್ಲಿ; ಅದರ ಪ್ರಾಚೀನತೆ ಆಮೇಲಿನ ಮಾತು.

ಯುರೋಪಿನ ಅನುಭವ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಕ್ರೈಸ್ತ ಧರ್ಮಕ್ಕಿಂತ ಹಿಂದಿನ ಆಚರಣೆಗಳನ್ನು ಮತ್ತೆ ಹಿಡಿದ ಇಂದಿನ ಪೇಗನ್ ಸಮುದಾಯಗಳು ವರ್ಷಕ್ಕೆ ಎಂಟು ಹಬ್ಬ ಮಾಡುತ್ತವೆ. ಹಗಲು ಅತಿ ಉದ್ದ ಮತ್ತು ಅತಿ ಗಿಡ್ಡವಾಗುವ ಎರಡು ದಿನ, ಹಗಲಿರುಳು ಸಮವಾಗುವ ಎರಡು ದಿನ, ಇವುಗಳ ನಡುವೆ ಬರುವ ಬೆಲ್ಟೇನ್, ಸೋವಿನ್ ಮೊದಲಾದ ನಾಲ್ಕು. ಬಿಡಿಬಿಡಿಯಾಗಿ ಇವುಗಳಲ್ಲಿ ಕೆಲವು ಬಹಳ ಹಳೆಯವು. ಎಂಟನ್ನೂ ಒಂದೇ ಚಕ್ರವಾಗಿ ಜೋಡಿಸಿದ್ದು ಮಾತ್ರ 1950ರ ದಶಕದ ಬ್ರಿಟನ್ನಿನಲ್ಲಿ, ಪೇಗನ್ ಮುಂದಾಳುಗಳಾದ ಜೆರಾಲ್ಡ್ ಗಾರ್ಡ್ನರ್, ರಾಸ್ ನಿಕೋಲ್ಸ್ ಅವರ ಬಳಗಗಳಲ್ಲಿ. ಇತಿಹಾಸಕಾರ ರೊನಾಲ್ಡ್ ಹಟನ್ ಇದನ್ನು ವಿವರವಾಗಿ ತೋರಿಸಿದ್ದಾರೆ. ಎಡಿನ್‌ಬರೋದ ಬೆಟ್ಟದ ಮೇಲೆ 1988ರಿಂದ ಬೆಲ್ಟೇನ್ ಬೆಂಕಿಯ ಉತ್ಸವ ನಡೆಯುತ್ತಿದೆ. ಅಲ್ಲಿ ಬೆಂಕಿ ಉಳಿದಿದೆ, ಹಾಯುವ ದನವಿಲ್ಲ. ಹಾಗಾದರೆ ಅದೆಲ್ಲ ಹುಸಿಯೇ? ನನಗೆ ಹಾಗನ್ನಿಸುವುದಿಲ್ಲ. ಋತುವಿನ ಜೊತೆಗಿನ ನಂಟು ಕಳೆದುಕೊಂಡ ನಗರದ ಜನ ಅದನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದಾರೆ. ಹೊಸದಾಗಿ ಕಟ್ಟಿದ್ದೆಂಬ ಕಾರಣಕ್ಕೆ ಹಬ್ಬವನ್ನು ಕೀಳೆನ್ನುವುದಾದರೆ, ಎಲ್ಲ ಹಬ್ಬವೂ ಒಂದು ಕಾಲಕ್ಕೆ ಹೊಸದೇ ಆಗಿತ್ತೆಂಬುದನ್ನು ಮರೆಯಬೇಕಾಗುತ್ತದೆ.

ನಮ್ಮ ಸಂಕ್ರಾಂತಿಗೂ ಇಂಥದೇ ಆಕ್ಷೇಪವಿದೆ. ಉತ್ತರಾಯಣದ ಹಬ್ಬವೆನ್ನುತ್ತೇವೆ, ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಮ್ಮ ಪಂಚಾಂಗ ನಕ್ಷತ್ರಗಳನ್ನು ಆಧರಿಸಿ ಲೆಕ್ಕ ಹಾಕುವುದರಿಂದ ಸಂಕ್ರಾಂತಿ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬಿದ್ದು, ಈಗ ಜನವರಿ 14 ಅಥವಾ 15ಕ್ಕೆ ಬಂದು ನಿಂತಿದೆ. ಆಕಾಶದ ಲೆಕ್ಕದಲ್ಲಿ ಇದು ತಪ್ಪಿರಬಹುದು, ಹೊಲದ ಲೆಕ್ಕದಲ್ಲಿ ತಪ್ಪಿಲ್ಲ. ಮುಂಗಾರಿನ ರಾಗಿ ಕೊಯ್ದು ಮೆದೆ ಹಾಕಿ ಆಗಿರುತ್ತದೆ, ಕಣದಲ್ಲಿ ರಾಶಿ ಪೂಜೆಯ ಕಾಲ, ಅವರೆಕಾಯಿ ಸೊಗಡು ಬಿಟ್ಟಿರುತ್ತದೆ, ಕಬ್ಬಿನ ಜಲ್ಲೆ ಕೈಗೆ ಬಂದಿರುತ್ತದೆ. ಎಳ್ಳುಬೆಲ್ಲದ ತಟ್ಟೆಯಲ್ಲಿ ಕಬ್ಬಿನ ತುಂಡು ಇರುವುದು ಈ ಕಾರಣಕ್ಕೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ಇದೇ ನೆಲದಿಂದ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿಯಿತು. ವಿಶ್ವೇಶ್ವರಯ್ಯ ನಾಲೆ ಮಳೆ ನಂಬಿದ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನಾಲೆಯ ಹೆಸರನ್ನೇ ಹೊತ್ತ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ‘ರಾಗಿ’ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವುಗಳಲ್ಲಿ ಕೆಲವು ಬೇಸಿಗೆಯಲ್ಲೂ ಬೆಳೆಯುತ್ತವೆ. ನಾಲೆಯಲ್ಲಿ ನೀರಿದ್ದರೆ ವರ್ಷಕ್ಕೆ ಎರಡು ಬೆಳೆ, ಕಬ್ಬಂತೂ ವರ್ಷವಿಡೀ ಹೊಲದಲ್ಲೇ ಇರುತ್ತದೆ. ಸುಗ್ಗಿಯೇ ಹಲವಾದ ಮೇಲೆ ಒಂದು ಸುಗ್ಗಿ ಹಬ್ಬಕ್ಕೆ ಅರ್ಥವೇನು ಎಂಬುದು ಪ್ರಶ್ನೆ. ಉತ್ತರವೂ ನಾಲೆಯಲ್ಲೇ ಇದೆ. ನಾಲೆ ಋತುವನ್ನು ಅಳಿಸಲಿಲ್ಲ, ಅದನ್ನು ಕೊಡಗಿನ ಮಳೆಗೂ ಕಟ್ಟೆಯ ಮಟ್ಟಕ್ಕೂ ಕಟ್ಟಿಹಾಕಿತು. 2023ರಲ್ಲಿ ಮಳೆ ಕೈಕೊಟ್ಟಾಗ ಈ ಬಯಲು ಅದನ್ನು ಕಂಡಿದೆ. ಕಟ್ಟೆ 124.80 ಅಡಿ ತುಂಬಿದಾಗ ಮುಖ್ಯಮಂತ್ರಿಯೇ ಬಂದು ಕಾವೇರಿಗೆ ಬಾಗಿನ ಅರ್ಪಿಸುತ್ತಾರೆ. ಅಣೆಕಟ್ಟೆಯ ಅಂಚಿನಲ್ಲಿ ಹುಟ್ಟಿದ ಈ ಆಚರಣೆ ನಮ್ಮ ಕಾಲದ ನಿಜವಾದ ಋತುಹಬ್ಬ. ಹೊಸ ತಳಿ ನೋಡಲು ರೈತರು ವಿ.ಸಿ. ಫಾರಂಗೆ ಬಂದು ಸೇರುವ ಕೃಷಿ ಮೇಳಕ್ಕೂ ಜಾತ್ರೆಯ ಕಳೆ ಇದೆ.

ಉಳುವುದು ಟ್ರ್ಯಾಕ್ಟರ್, ಕೊಯ್ಯುವುದು ಯಂತ್ರ; ಇನ್ನು ಎತ್ತನ್ನು ಕಿಚ್ಚು ಹಾಯಿಸುವುದು ಬರೀ ಪ್ರದರ್ಶನ ಎನ್ನುವವರಿದ್ದಾರೆ. ಉಳುವ ಎತ್ತು ಕಡಿಮೆಯಾಗಿರುವುದು ನಿಜ. ಆದರೆ ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವ ಮನೆಗಳು ಇಲ್ಲಿ ಸಾವಿರಾರು, ಹಳ್ಳಿಕಾರ್ ಜೋಡಿಯನ್ನು ಅಭಿಮಾನದಿಂದ ಸಾಕುವವರೂ ಇದ್ದಾರೆ. ದನದ ಮೇಲಿನ ಅವಲಂಬನೆ ರೂಪ ಬದಲಿಸಿದೆ, ಹೋಗಿಲ್ಲ. ಬೆಂಕಿಗೆ ಬೆದರುವ ಪ್ರಾಣಿಗೆ ಇದು ಹಿಂಸೆಯಲ್ಲವೇ ಎಂಬ ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಕ್ಷೇಮಕ್ಕಾಗಿ ಹುಟ್ಟಿದ ಆಚರಣೆ ದನದ ಮೈ ಸುಟ್ಟರೆ ತನ್ನ ಉದ್ದೇಶಕ್ಕೇ ಎರವಾಗುತ್ತದೆ. ಉರಿ ತಗ್ಗಿರಲಿ, ಗಬ್ಬದ ಹಸುವನ್ನೂ ಕರುವನ್ನೂ ದೂರವಿಡಲಿ, ಪಶುವೈದ್ಯರು ಬಳಿಯಲ್ಲಿರಲಿ. ಹೀಗೆ ತಿದ್ದಿದರೆ ಸಂಪ್ರದಾಯ ಕೆಡುವುದಿಲ್ಲ, ಅದರ ಮೂಲ ಆಶಯಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ.

ಋತುಹಬ್ಬ ಎಂದರೆ ಊರು ತಾನು ಯಾರ ಋಣದಲ್ಲಿ ಬದುಕಿದೆ ಎಂಬುದನ್ನು ವರ್ಷಕ್ಕೊಮ್ಮೆ ಎಲ್ಲರೆದುರು ಒಪ್ಪಿಕೊಳ್ಳುವ ದಿನ. ಹಿಂದೆ ಆ ಋಣ ಎತ್ತಿನದು, ಮಳೆಯದು. ಈಗ ಅದರಲ್ಲಿ ನಾಲೆಯ ನೀರು, ತಳಿ ಕೊಟ್ಟ ವಿಜ್ಞಾನಿ, ಕಬ್ಬು ಕಡಿಯಲು ಹೊರಗಿನಿಂದ ಬರುವ ಕೂಲಿಯವರು ಸೇರಿದ್ದಾರೆ. ಬಾಗಿನದ ದಿನವೇ ನಾಲೆಯ ಕೊನೆ ಭಾಗದ ರೈತರಿಗೆ ನೀರು ಯಾವಾಗ, ಎಷ್ಟು ಎಂಬುದನ್ನು ಬಹಿರಂಗವಾಗಿ ಹೇಳಬೇಕು. ಎಳ್ಳುಬೆಲ್ಲ ಕಬ್ಬಿನ ಗದ್ದೆಯ ಗುಡಿಸಲಿಗೂ ಹೋಗಬೇಕು. ದುಡಿಮೆಯ ಜೊತೆ ಬದಲಾಗಲು ಒಪ್ಪಿದ ಹಬ್ಬಕ್ಕೆ ಪ್ರಾಚೀನತೆಯ ಪುರಾವೆ ಬೇಕಿಲ್ಲ. ಬದಲಾಗಲು ಒಪ್ಪದ ಹಬ್ಬವನ್ನು ಎಷ್ಟು ಪ್ರಾಚೀನತೆಯೂ ಉಳಿಸಲಾರದು.