ಹುಟ್ಟುಗುಣ ಸುಟ್ಟರೂ ಹೋಗದೇ?

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತದೆ ಗಾದೆ. ನಾಯಿ ಬಾಲ ಎಂದಿಗೂ ಡೊಂಕೇ ಎನ್ನುತ್ತದೆ ಇನ್ನೊಂದು. ಕೆಟ್ಟವನೊಬ್ಬ ಬದಲಾಗಿದ್ದಾನೆಂದು ಕೇಳಿದಾಗ ಸುಲಭವಾಗಿ ನಂಬದ ಲೋಕಾನುಭವ ಈ ಮಾತುಗಳಲ್ಲಿದೆ. ಆದರೆ ಇದೇ ಗಾದೆಗಳನ್ನು ಆಡುವ ಜನ, ಬೇಡನೊಬ್ಬ ಆದಿಕವಿಯಾದ ಕತೆಯನ್ನೂ ಕೊಲೆಗಡುಕನೊಬ್ಬ ಭಿಕ್ಷುವಾದ ಕತೆಯನ್ನೂ ಭಕ್ತಿಯಿಂದ ಕೇಳುತ್ತಾರೆ. ಮನುಷ್ಯ ಬದಲಾಗಲಾರ ಎಂಬುದು ಎಚ್ಚರಿಕೆಯ ಮಾತು, ಬದಲಾಗಬಲ್ಲ ಎಂಬುದು ಭರವಸೆಯ ಮಾತು. ಎರಡೂ ಒಂದೇ ಮನೆಯಲ್ಲಿ ಅಕ್ಕಪಕ್ಕ ಬಾಳುತ್ತವೆ, ಯಾರೂ ಅವುಗಳ ನಡುವೆ ತೀರ್ಪು ಕೊಡಲು ಹೋಗುವುದಿಲ್ಲ.

ಹಾಗೆ ತೀರ್ಪು ಕೊಡಲೇಬೇಕಾದ ಇಕ್ಕಟ್ಟಿಗೆ ಜಗತ್ತಿನ ಲಕ್ಷಾಂತರ ಜನರನ್ನು ಸಿಲುಕಿಸಿದ್ದು ಒಂದು ವಿಡಿಯೊ ಗೇಮ್ ಎಂದರೆ ಹಿರಿಯರಿಗೆ ಅಚ್ಚರಿಯಾದೀತು. ಅಮೆರಿಕದ ಬೆತೆಸ್ಡಾ ಸಂಸ್ಥೆ 2011ರ ನವೆಂಬರ್ 11ರಂದು ಹೊರತಂದ ಆ ಆಟದ ಹೆಸರು ‘ಸ್ಕೈರಿಮ್’. 1994ರಲ್ಲಿ ಆರಂಭವಾದ ‘ದಿ ಎಲ್ಡರ್ ಸ್ಕ್ರಾಲ್ಸ್’ ಸರಣಿಯಲ್ಲಿ ಇದು ಐದನೆಯದು. ಇದರ 6 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂದು ಸಂಸ್ಥೆಯ ಕಡೆಯಿಂದ 2023ರಲ್ಲಿ ತಿಳಿದುಬಂತು. ಕತ್ತಿ, ಮಂತ್ರ, ಗುಹೆ, ನಿಧಿಗಳೆಲ್ಲ ಇರುವ ಈ ಕಲ್ಪನಾಲೋಕದಲ್ಲಿ ಆಟಗಾರರು ಇಂದಿಗೂ ಪಟ್ಟು ಬಿಡದೆ ವಾದಿಸುವ ಪ್ರಶ್ನೆ ಒಂದುಂಟು: ಪಾರ್ಥುರ್ನಾಕ್ಸ್ ಎಂಬ ಮುದಿ ಡ್ರ್ಯಾಗನ್ನನ್ನು ಕೊಲ್ಲಬೇಕೆ, ಬಿಡಬೇಕೆ?

ಬೆಟ್ಟದ ತುದಿಯ ಗುರು

ಕತೆಯ ಹಿನ್ನೆಲೆ ಹೀಗಿದೆ. ಸ್ಕೈರಿಮ್ ಎಂಬುದು ಹಿಮದ ನಾಡು. ಬಹುಕಾಲದ ಹಿಂದೆ ಅಲ್ಲಿ ರೆಕ್ಕೆಯುಳ್ಳ, ಬೆಂಕಿಯುಗುಳುವ ಡ್ರ್ಯಾಗನ್‌ಗಳು ಮನುಷ್ಯರನ್ನು ಆಳುತ್ತಿದ್ದವು. ಅವುಗಳ ಪರವಾಗಿ ಪುರೋಹಿತರು ಆಡಳಿತ ನಡೆಸುತ್ತಿದ್ದರು, ಜನ ಗುಲಾಮರಾಗಿದ್ದರು. ಡ್ರ್ಯಾಗನ್‌ಗಳ ಒಡೆಯ ಆಲ್ಡುಯಿನ್. ಲೋಕವನ್ನೇ ನುಂಗುವವನು ಎಂಬುದು ಅವನ ಬಿರುದು. ಅವನ ತಮ್ಮನೂ ಬಲಗೈ ಬಂಟನೂ ಆಗಿದ್ದವನು ಪಾರ್ಥುರ್ನಾಕ್ಸ್. ಮನುಷ್ಯರು ತಿರುಗಿಬಿದ್ದಾಗ ನಡೆದ ಯುದ್ಧದಲ್ಲಿ ಅವನು ಎಸಗಿದ ಕ್ರೌರ್ಯ, ಸಾವಿರಾರು ವರ್ಷಗಳ ಬಳಿಕವೂ ದಂತಕತೆಯಾಗಿ ಉಳಿಯುವಷ್ಟು ಘೋರವಾಗಿತ್ತು.

ಆದರೆ ಯುದ್ಧದ ನಡುವೆ ಅವನು ಪಕ್ಷ ಬದಲಿಸಿದ. ಡ್ರ್ಯಾಗನ್‌ಗಳ ಬಲವಿರುವುದು ಅವುಗಳ ಮಾತಿನಲ್ಲಿ. ಅವು ಉಚ್ಚರಿಸಿದ ಪದವೇ ಬೆಂಕಿಯಾಗುತ್ತದೆ, ಬಿರುಗಾಳಿಯಾಗುತ್ತದೆ. ಆ ಮಾತಿನ ವಿದ್ಯೆಯನ್ನು ಪಾರ್ಥುರ್ನಾಕ್ಸ್ ಮನುಷ್ಯರಿಗೆ ಕಲಿಸಿದ. ಆ ವಿದ್ಯೆಯಿಂದಲೇ ಮನುಷ್ಯರು ಬಿಡುಗಡೆ ಪಡೆದರು. ಅಂದಿನಿಂದ ಅವನು ಆ ಲೋಕದ ಅತಿ ಎತ್ತರದ ಶಿಖರದ ಮೇಲೆ ಒಂಟಿಯಾಗಿ ಧ್ಯಾನದಲ್ಲಿದ್ದಾನೆ. ಆ ಶಿಖರದ ದಾರಿಯಲ್ಲಿ, 7,000 ಮೆಟ್ಟಿಲು ಹತ್ತಿದರೆ ಸಿಗುವ ಒಂದು ಮಠವಿದೆ. ಅಲ್ಲಿ ‘ಗ್ರೇಬಿಯರ್ಡ್ಸ್’, ಅಂದರೆ ನರೆಗಡ್ಡದವರು ಎಂಬ ಮೌನವ್ರತಿಗಳಿದ್ದಾರೆ. ಅವರಿಗೆಲ್ಲ ಅವನೇ ಗುರು. ಈ ಗುಟ್ಟು ಹೊರಗಿನವರಿಗೆ ತಿಳಿಯದು.

ಆಟಗಾರ ನಡೆಸುವ ಪಾತ್ರ ‘ಡ್ರ್ಯಾಗನ್‌ಬಾರ್ನ್’: ಮನುಷ್ಯದೇಹದಲ್ಲಿ ಡ್ರ್ಯಾಗನ್ನಿನ ಆತ್ಮ ಹೊತ್ತು ಹುಟ್ಟಿದ ವೀರ. ಆಲ್ಡುಯಿನ್ ಮರಳಿ ಬಂದು, ಸತ್ತ ಡ್ರ್ಯಾಗನ್‌ಗಳನ್ನು ಎಬ್ಬಿಸುತ್ತಿರುವಾಗ ಅವನನ್ನು ಸೋಲಿಸುವ ಹೊಣೆ ಈ ವೀರನದು. ದಾರಿ ಹುಡುಕುತ್ತ ಶಿಖರಕ್ಕೆ ಬಂದಾಗ ಪಾರ್ಥುರ್ನಾಕ್ಸ್ ಅವನನ್ನು ತನ್ನ ಕುಲದ ರೀತಿಯಲ್ಲೇ ಸ್ವಾಗತಿಸುತ್ತಾನೆ. ಅಂದರೆ ಬೆಂಕಿಯ ಪದವನ್ನು ಕಲಿಸಿ, ತನ್ನ ಮೇಲೆಯೇ ಉಗುಳುವಂತೆ ಕೇಳುತ್ತಾನೆ. ಡ್ರ್ಯಾಗನ್‌ಗಳಿಗೆ ಮಾತುಕತೆಯೂ ಕಾದಾಟವೂ ಬೇರೆ ಬೇರೆಯಲ್ಲ. ಬಳಿಕ ಹಳೆಯ ಕತೆಗಳನ್ನು ಹೇಳುತ್ತಾನೆ, ದಾರಿ ತೋರಿಸುತ್ತಾನೆ, ಆಲ್ಡುಯಿನ್ ಎದುರಾದಾಗ ವೀರನ ಪಕ್ಕದಲ್ಲಿ ನಿಂತು ಅಣ್ಣನೊಡನೆ ಸೆಣಸುತ್ತಾನೆ.

ಆಟಗಾರನಿಗೆ ಈ ಮುದುಕನ ಮೇಲೆ ಪ್ರೀತಿ ಮೂಡಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಬರುತ್ತದೆ ಕೊಲೆಯ ಬೇಡಿಕೆ.

ಎರಡು ಬಗೆಯ ವಾದ

ಬೇಡಿಕೆ ಇಡುವವರು ‘ಬ್ಲೇಡ್ಸ್’ ಎಂಬ ಪಂಗಡದವರು. ಡ್ರ್ಯಾಗನ್‌ಗಳನ್ನು ಬೇಟೆಯಾಡುವುದೇ ಅವರ ಪೂರ್ವಿಕರ ಕುಲಕಸುಬು. ಶತ್ರುಗಳ ಕೈಯಲ್ಲಿ ಆ ಪಂಗಡ ನಾಶವಾಗಿ, ಕತೆಯಲ್ಲಿ ಮುಖ್ಯವಾಗಿ ಉಳಿದಿರುವವರು ಡೆಲ್ಫಿನ್ ಎಂಬ ಹೆಣ್ಣು, ಎಸ್ಬರ್ನ್ ಎಂಬ ವೃದ್ಧ ವಿದ್ವಾಂಸ. ಇವರೂ ಆಟಗಾರನಿಗೆ ಅಪಾಯದ ದಿನಗಳಲ್ಲಿ ನೆರವಾದವರೇ. ಶಿಖರದಲ್ಲಿರುವವನು ಯಾರೆಂದು ತಿಳಿದಾಗ ಅವರು ಹೇಳುವುದು ಒಂದೇ ಮಾತು: ಅವನು ಸಾಯಬೇಕು. ಸಾಯುವ ತನಕ ನಮ್ಮ ಸಹಾಯ ನಿನಗಿಲ್ಲ.

ಇದನ್ನು ಬರಿಯ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಮಾತಿನಲ್ಲಿ ಎರಡು ಬೇರೆ ಬೇರೆ ವಾದಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡಿದರೆ ಪ್ರಶ್ನೆಯ ತೂಕ ತಿಳಿಯುತ್ತದೆ.

ಮೊದಲನೆಯದು ಕಳೆದುಹೋದದ್ದರ ಲೆಕ್ಕ. ಕೊಂದವನು ಶಿಕ್ಷೆ ಅನುಭವಿಸಲಿಲ್ಲ. ಪಕ್ಷ ಬದಲಿಸಿದ್ದರಿಂದ ಸತ್ತವರು ಎದ್ದು ಬರಲಿಲ್ಲ. ಕಾಲ ಕಳೆದ ಮಾತ್ರಕ್ಕೆ ಅಪರಾಧ ಅಳಿಯುವುದಿಲ್ಲ ಎಂಬ ಈ ನಿಲುವು ಆಟದ ಲೋಕಕ್ಕಷ್ಟೇ ಸೇರಿದ್ದಲ್ಲ. ಯುದ್ಧಾಪರಾಧಗಳಿಗೆ ಕಾಲಮಿತಿ ಇರಬಾರದೆಂದು ವಿಶ್ವಸಂಸ್ಥೆ 1968ರಲ್ಲಿ ಒಪ್ಪಂದವನ್ನೇ ರೂಪಿಸಿತು. ಪಶ್ಚಿಮ ಜರ್ಮನಿ 1979ರಲ್ಲಿ ಕೊಲೆ ಪ್ರಕರಣಗಳ ಕಾಲಮಿತಿಯನ್ನು ತೆಗೆದುಹಾಕಿತು. ನಾಜಿ ಕಾಲದ ಕೊಲೆಗಾರರು ಮುಪ್ಪಿನ ಮರೆಯಲ್ಲಿ ತಪ್ಪಿಸಿಕೊಳ್ಳಬಾರದೆಂಬುದು ಅದರ ಹಿಂದಿನ ಕಾಳಜಿ.

ಎರಡನೆಯದು ಮುಂದಿನದರ ಭಯ. ಡ್ರ್ಯಾಗನ್ನಿಗೆ ಸಾವಿಲ್ಲ. ದೇಹ ಬಿದ್ದರೂ ಮತ್ತೆ ಎಬ್ಬಿಸಬಹುದು. ಅದರ ಆತ್ಮವನ್ನೇ ಹೀರಿ ನಿಜವಾದ ಅಂತ್ಯ ಕಾಣಿಸಬಲ್ಲವನು ಡ್ರ್ಯಾಗನ್‌ಬಾರ್ನ್ ಒಬ್ಬನೇ, ಅವನೋ ಎಲ್ಲರಂತೆ ಸಾಯುವ ಮನುಷ್ಯ. ಇಂದು ಬಿಟ್ಟರೆ ನಾಳೆ ಕೊಲ್ಲಲು ಯಾರೂ ಇರುವುದಿಲ್ಲ. ದಬ್ಬಾಳಿಕೆ ಡ್ರ್ಯಾಗನ್ನಿನ ಹುಟ್ಟುಗುಣ. ಪಾರ್ಥುರ್ನಾಕ್ಸ್ ಎಂಬ ಹೆಸರೇ ಅವರ ಭಾಷೆಯ ಮೂರು ಪದಗಳಿಂದ ಆದದ್ದು: ಮಹತ್ವಾಕಾಂಕ್ಷೆ, ಒಡೆತನ, ಕ್ರೌರ್ಯ. ಸಾವಿರ ವರ್ಷ ಸುಮ್ಮನಿದ್ದವನು ಇನ್ನೊಂದು ಸಾವಿರ ವರ್ಷ ಸುಮ್ಮನಿರುತ್ತಾನೆಂದು ಹೊಣೆ ಹೊರುವವರು ಯಾರು?

ಇದಕ್ಕೆ ಪಾರ್ಥುರ್ನಾಕ್ಸ್ ಕೊಡುವ ಉತ್ತರವೇ ಕತೆಯ ತಿರುಳು. ನಾನು ನಿರಪರಾಧಿ ಎಂದು ಅವನು ಹೇಳುವುದಿಲ್ಲ. ನನ್ನನ್ನು ನಂಬಿ ಎಂದೂ ಅಂಗಲಾಚುವುದಿಲ್ಲ. ಬ್ಲೇಡ್ಸ್ ಪಂಗಡದವರು ಶಂಕಿಸುವುದು ಸರಿಯೇ, ಇನ್ನೊಂದು ಡ್ರ್ಯಾಗನ್ನನ್ನು ನಾನೂ ನಂಬಲಾರೆ ಎಂದು ಒಪ್ಪಿಕೊಳ್ಳುತ್ತಾನೆ. ಒಳಗಿನ ಆಸೆ ಸತ್ತಿಲ್ಲ, ದಿನವೂ ಅದನ್ನು ಗೆಲ್ಲಬೇಕಾಗಿದೆ ಎನ್ನುತ್ತಾನೆ. ಅನಂತರ ಒಂದು ಪ್ರಶ್ನೆ ಕೇಳುತ್ತಾನೆ: ಒಳ್ಳೆಯವನಾಗಿಯೇ ಹುಟ್ಟುವುದು ಹೆಚ್ಚೋ, ಕೆಟ್ಟ ಸ್ವಭಾವವನ್ನು ಬಹುಪ್ರಯಾಸದಿಂದ ಗೆಲ್ಲುವುದು ಹೆಚ್ಚೋ?

ಗಮನಿಸಬೇಕಾದ್ದು, ಅವನು ಗಾದೆಯನ್ನು ಅಲ್ಲಗಳೆಯುತ್ತಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದನ್ನು ಒಪ್ಪಿಕೊಂಡೇ, ಹೋಗದಿದ್ದರೂ ಹತೋಟಿಯಲ್ಲಿಡಬಹುದು ಎನ್ನುತ್ತಾನೆ.

ವಿಭೀಷಣನೋ, ಅಂಗುಲಿಮಾಲನೋ

ನಮ್ಮ ಓದುಗರಿಗೆ ಇಲ್ಲಿ ವಿಭೀಷಣನ ನೆನಪಾಗುವುದು ಸಹಜ. ಅಣ್ಣನನ್ನು ಬಿಟ್ಟು ಶತ್ರುಪಾಳೆಯಕ್ಕೆ ಬಂದ ತಮ್ಮನನ್ನು ಸುಗ್ರೀವ ನಂಬಲಿಲ್ಲ, ಕೊಲ್ಲಿಸುವುದೇ ಲೇಸೆಂದ. ಹನುಮಂತ ಅವನ ಪರವಾಗಿ ಮಾತನಾಡಿದ. ಶರಣು ಬಂದವನನ್ನು ಕೈಬಿಡಲಾರೆನೆಂದು ರಾಮ ಅಭಯವಿತ್ತ. ಆದರೆ ಹೋಲಿಕೆ ಅರ್ಧದಾರಿಗೆ ನಿಲ್ಲುತ್ತದೆ. ವಿಭೀಷಣನ ಕೈಗೆ ರಕ್ತ ಅಂಟಿರಲಿಲ್ಲ. ಅವನ ಬಗ್ಗೆ ಇದ್ದದ್ದು ಮುಂದೇನು ಮಾಡಿಯಾನೋ ಎಂಬ ಶಂಕೆ ಮಾತ್ರ, ಹಿಂದಿನ ಲೆಕ್ಕ ಇರಲಿಲ್ಲ.

ಹೆಚ್ಚು ಹತ್ತಿರದವನು ಬೌದ್ಧಕತೆಯ ಅಂಗುಲಿಮಾಲ. ಕೊಂದವರ ಬೆರಳುಗಳನ್ನು ಹಾರವಾಗಿ ಧರಿಸಿದ್ದ ಅವನು ಬುದ್ಧನ ಬಳಿ ಭಿಕ್ಷುವಾದ. ಅವನನ್ನು ಹಿಡಿಯಲೆಂದು ಕೋಸಲದ ಅರಸು ಪ್ರಸೇನಜಿತ 500 ಕುದುರೆ ಸವಾರರೊಂದಿಗೆ ಹೊರಟಿದ್ದ. ಅಂಗುಲಿಮಾಲ ಭಿಕ್ಷುವಾಗಿರುವುದನ್ನು ಕಂಡರೆ ಏನು ಮಾಡುವೆ ಎಂದು ಬುದ್ಧ ಕೇಳಿದ. ಗೌರವಿಸುವೆ ಎಂದ ಅರಸ. ಅವನು ಇಲ್ಲೇ ಕುಳಿತಿದ್ದಾನೆ ಎಂದಾಗ ಮೈ ನಡುಗಿತಾದರೂ ಅರಸ ಆಡಿದ ಮಾತಿಗೆ ತಪ್ಪಲಿಲ್ಲ. ಕತೆ ಅಲ್ಲಿಗೇ ಮುಗಿದಿದ್ದರೆ ಕ್ಷಮೆಯ ಸರಳ ಪಾಠವಾಗುತ್ತಿತ್ತು. ಆದರೆ ಮುಂದೆ ಭಿಕ್ಷೆಗೆ ಹೋದಾಗ ಬಿದ್ದ ಕಲ್ಲು, ದೊಣ್ಣೆಗಳಿಂದ ಅಂಗುಲಿಮಾಲ ತಲೆ ಒಡೆದುಕೊಂಡು, ಭಿಕ್ಷಾಪಾತ್ರೆ ಚೂರಾಗಿ ಮರಳಿದ. ಸಹಿಸಿಕೋ, ಇದು ನಿನ್ನ ಕರ್ಮಫಲ ಎಂದ ಬುದ್ಧ. ಅರಸನ ಕಾನೂನು ಬಿಟ್ಟುಕೊಟ್ಟರೂ ಮಾಡಿದ್ದು ಮಾತ್ರ ಮಾಯವಾಗಲಿಲ್ಲ.

ಬದಲಾದೆನೆಂಬ ಮಾತನ್ನು ಅಳೆಯುವ ಕಷ್ಟ ಇಂದಿನ ನ್ಯಾಯವ್ಯವಸ್ಥೆಗೂ ಇದೆ. ವರ್ಣಭೇದ ನೀತಿ ಕೊನೆಗೊಂಡ ಬಳಿಕ ದಕ್ಷಿಣ ಆಫ್ರಿಕದಲ್ಲಿ 1995ರ ಕಾಯಿದೆಯಂತೆ ಸತ್ಯ ಮತ್ತು ಸಾಮರಸ್ಯ ಆಯೋಗ ರಚನೆಯಾಯಿತು. ರಾಜಕೀಯ ಉದ್ದೇಶದಿಂದ ಎಸಗಿದ ಅಪರಾಧವನ್ನು ಪೂರ್ತಿಯಾಗಿ ಹೇಳಿಕೊಂಡವರಿಗೆ ಅದು ಕ್ಷಮಾದಾನ ಕೊಡಬಹುದಿತ್ತು. ವಿಶೇಷವೆಂದರೆ ಪಶ್ಚಾತ್ತಾಪ ಅಲ್ಲಿ ಕಡ್ಡಾಯವಾಗಿರಲಿಲ್ಲ. ಸತ್ಯವನ್ನು ಸಾಕ್ಷ್ಯದಿಂದ ಪರಿಶೀಲಿಸಬಹುದು, ಮನಸ್ಸನ್ನು ಪರಿಶೀಲಿಸುವುದು ಹೇಗೆ? ಅರ್ಜಿ ಹಾಕಿದ 7,112 ಮಂದಿಯಲ್ಲಿ ಕ್ಷಮಾದಾನ ಸಿಕ್ಕಿದ್ದು 849 ಮಂದಿಗೆ.

ಮಧ್ಯದ ದಾರಿ ಇಲ್ಲ

ಆಟದ ವಿಷಯಕ್ಕೆ ಮರಳಿದರೆ, ಅದನ್ನು ರಚಿಸಿದವರು ಮಾಡಿದ ದೊಡ್ಡ ಕೆಲಸವೆಂದರೆ ನುಣುಚಿಕೊಳ್ಳುವ ದಾರಿಗಳನ್ನು ಮುಚ್ಚಿದ್ದು. ಡೆಲ್ಫಿನ್ನಳೊಂದಿಗೆ ವಾದಿಸಿ ಮನವೊಲಿಸಲು ಆಗುವುದಿಲ್ಲ. ಡ್ರ್ಯಾಗನ್‌ಬಾರ್ನನ ಸೇವೆಗೆಂದೇ ಇರುವ ಪಂಗಡ ಅವನಿಗೇ ಆಜ್ಞೆ ಮಾಡುತ್ತದಲ್ಲ ಎಂದು ಗುಡುಗಲೂ ಆಗುವುದಿಲ್ಲ. ಕೊಂದರೆ ಮಠದ ಬಾಗಿಲು ಮುಚ್ಚಿದಂತೆ, ನರೆಗಡ್ಡದವರು ಮುಖ ತಿರುಗಿಸುತ್ತಾರೆ. ಬಿಟ್ಟರೆ ಬ್ಲೇಡ್ಸ್ ಸಂಬಂಧ ಕಡಿದಂತೆ. ಇದರಿಂದ ಸಿಟ್ಟಾದ ಕೆಲವು ಆಟಗಾರರು ಡೆಲ್ಫಿನ್ನಳ ಮಾತನ್ನು ತಳ್ಳಿಹಾಕಲು ಅವಕಾಶ ಕೊಡುವ ಜೋಡಣೆಯನ್ನು ತಾವೇ ಬರೆದು ಹಂಚಿದರು. ಇದಕ್ಕೆ ‘ಮಾಡ್’ ಎನ್ನುತ್ತಾರೆ. ಕತೆಗಾರ ಕೊಡದ ಅಂತ್ಯವನ್ನು ಓದುಗನೇ ಬರೆದುಕೊಂಡ ಹಾಗೆ.

ಇನ್ನೊಂದು ಸೂಕ್ಷ್ಮವಿದೆ. ಆಲ್ಡುಯಿನ್‌ನನ್ನು ಸೋಲಿಸಲು ಈ ಕೊಲೆ ಅಗತ್ಯವೇ ಇಲ್ಲ. ಮುಖ್ಯ ಕತೆ ಹೇಗಿದ್ದರೂ ಮುಗಿಯುತ್ತದೆ. ಕೊಲ್ಲದವನ ಕಾರ್ಯಪಟ್ಟಿಯಲ್ಲಿ ಮಾತ್ರ ಈ ಒಂದು ಕೆಲಸ ಮುಗಿಯದೆ ಉಳಿದುಕೊಳ್ಳುತ್ತದೆ. ಕೊಲ್ಲಲಾರೆ ಎಂದವನಿಗೆ ಬಹುಮಾನವಿಲ್ಲ, ಭೇಷ್ ಎನ್ನುವವರಿಲ್ಲ. ಇದ್ದ ಮಿತ್ರರನ್ನು ಕಳೆದುಕೊಂಡದ್ದೇ ಫಲ. ಕರುಣೆಗೆ ಬೆಲೆ ತೆರಬೇಕು ಎಂಬುದನ್ನು ನೀತಿಕತೆಗಳು ಮರೆಯುವುದುಂಟು, ಈ ಆಟ ಮರೆಯಲಿಲ್ಲ.

ಹಾಗಾದರೆ ಬಿಡುವುದೇ ಸರಿಯೆ? ಕತೆಯ ಕೊನೆಯಲ್ಲಿ ಬದುಕುಳಿದ ಪಾರ್ಥುರ್ನಾಕ್ಸ್ ಶಿಖರ ಬಿಟ್ಟು ಹಾರಿಹೋಗುತ್ತಾನೆ. ಒಡೆಯನಿಲ್ಲದ ಡ್ರ್ಯಾಗನ್‌ಗಳಿಗೆ ತನ್ನ ಸಂಯಮದ ಮಾರ್ಗವನ್ನು ಕಲಿಸುವುದು ಅವನ ಉದ್ದೇಶ. ಕೆಲವರಿಗೆ ಅದು ಗುರುವಿನ ಯಾತ್ರೆಯಾಗಿ ಕಾಣುತ್ತದೆ. ಇನ್ನು ಕೆಲವರಿಗೆ ಹಳೆಯ ಒಡೆತನದ ಆಸೆಯೇ ಹೊಸ ವೇಷ ತೊಟ್ಟಂತೆ ಕಾಣುತ್ತದೆ. ಆಟ ಅಲ್ಲೂ ತೀರ್ಪು ಕೊಡುವುದಿಲ್ಲ.

ಆದರೆ ಬ್ಲೇಡ್ಸ್ ವಾದದ ಎರಡು ಎಳೆಗಳನ್ನು ಬಿಡಿಸಿಟ್ಟಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಮಾಡಿದ್ದಕ್ಕೆ ಶಿಕ್ಷೆ ಎಂದರೆ, ಆ ಲೆಕ್ಕ ಕೇಳುವ ಹಕ್ಕು ನೊಂದವರದು. ಅವರು ಸತ್ತು ಸಾವಿರಾರು ವರ್ಷವಾಯಿತು, ಅವರ ಹೆಸರಿನಲ್ಲಿ ಕ್ಷಮಿಸುವ ಅಧಿಕಾರವೂ ಯಾರಿಗೂ ಇಲ್ಲ. ಆ ಋಣ ತೀರದೆಯೇ ಉಳಿಯುತ್ತದೆ, ಶಿಖರದ ಚಳಿಯಲ್ಲಿ ಕುಳಿತವನಿಗೂ ಅದು ಗೊತ್ತು. ಮುಂದೆ ಮಾಡಿಯಾನೆಂಬ ಭಯಕ್ಕೆ ಕೊಲ್ಲುವುದಾದರೆ, ಅದು ಅವನ ಕೃತ್ಯಕ್ಕಲ್ಲ, ಹುಟ್ಟಿಗೆ ಕೊಟ್ಟ ಶಿಕ್ಷೆಯಾಗುತ್ತದೆ. ಆ ತೀರ್ಪನ್ನು ಜಾರಿಮಾಡಬೇಕಾದವನು ಯಾರು? ಅದೇ ಆತ್ಮವನ್ನು ಹೊತ್ತು ಹುಟ್ಟಿದವನು, ಕೊಂದ ಪ್ರತಿ ಡ್ರ್ಯಾಗನ್ನಿನ ಶಕ್ತಿಯನ್ನು ಹೀರಿ ಬೆಳೆದವನು. ಹುಟ್ಟುಗುಣ ಬದಲಾಗದೆಂದು ಅವನು ಕತ್ತಿ ಎತ್ತಿದರೆ ಅದೇ ನ್ಯಾಯ ನಾಳೆ ಅವನಿಗೂ ಅನ್ವಯಿಸಬೇಕಾಗುತ್ತದೆ.

ಬಹುಶಃ ಆ ಕಾರಣದಿಂದಲೇ ಎಷ್ಟೋ ಆಟಗಾರರು ಶಿಖರದವರೆಗೆ ಹತ್ತಿ, ಕತ್ತಿ ಹಿರಿದು, ಮತ್ತೆ ಒರೆಗಿಟ್ಟು ಇಳಿದು ಬರುತ್ತಾರೆ. ಆ ಒಂದು ಕೆಲಸ ಪಟ್ಟಿಯಲ್ಲಿ ಹಾಗೆಯೇ ಉಳಿದಿರುತ್ತದೆ.