ದ್ರಾಕ್ಮಾ ಬಿಟ್ಟುಕೊಟ್ಟ ಗ್ರೀಸ್ ಸಾಲದ ಸುಳಿಗೆ ಸಿಕ್ಕಿದ್ದು ಹೇಗೆ?

ಸಾಲ ಮಾಡಿ ದಿವಾಳಿಯಾಗುವುದು ಗ್ರೀಸ್ ದೇಶಕ್ಕೆ ಹೊಸ ಅನುಭವವೇನಲ್ಲ. 1893ರಲ್ಲಿ ತ್ರಿಕೂಪಿಸ್ ಪ್ರಧಾನಿಯಾಗಿದ್ದಾಗ ಆ ದೇಶ ಪರದೇಶದ ಸಾಲ ತೀರಿಸಲಾಗದೆ ಕೈಚೆಲ್ಲಿತ್ತು. ಐದು ವರ್ಷಗಳ ತರುವಾಯ ಯುರೋಪಿನ ದೊಡ್ಡ ರಾಷ್ಟ್ರಗಳು ಅಥೆನ್ಸಿನಲ್ಲೇ ಒಂದು ಆಯೋಗವನ್ನು ಕೂರಿಸಿ, ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣಗಳಿಂದ ಬರುತ್ತಿದ್ದ ಆದಾಯವನ್ನು ಸಾಲದ ಬಾಬ್ತಿಗೆ ಹಿಡಿದುಕೊಂಡವು. ಆದರೆ 2010ರ ಬಿಕ್ಕಟ್ಟಿಗೂ ಹಿಂದಿನವುಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಈ ಸಲ ಗ್ರೀಸ್‌ಗೆ ತನ್ನದೆಂಬ ನಾಣ್ಯವೇ ಇರಲಿಲ್ಲ.

1992ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ಪಟ್ಟಣದಲ್ಲಿ ಸಹಿಯಾದ ಒಪ್ಪಂದ ಯುರೋಪಿಗೆ ಒಂದೇ ನಾಣ್ಯ ತರುವ ಹಾದಿ ತೆರೆಯಿತು. ಸೇರಬಯಸುವ ದೇಶದ ಮುಂಗಡಪತ್ರದ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇ. 3ನ್ನು ಮೀರಬಾರದು, ಒಟ್ಟು ಸಾಲ ಶೇ. 60ರ ಒಳಗಿರಬೇಕು ಅಥವಾ ಆ ಕಡೆಗೆ ಇಳಿಯುತ್ತಿರಬೇಕು ಎಂಬುದು ಷರತ್ತು. ಗ್ರೀಸ್ 2001ರ ಜನವರಿ 1ರಂದು ಒಳಗೆ ಬಂತು. ಪ್ರಾಚೀನ ಕಾಲದ ಹೆಸರನ್ನು ಹೊತ್ತಿದ್ದ ದ್ರಾಕ್ಮಾ ಮರುವರ್ಷ ಅಂಗಡಿಗಳಿಂದ ಮರೆಯಾಯಿತು. ಒಂದು ಯೂರೋಗೆ 340.75 ದ್ರಾಕ್ಮಾ ಲೆಕ್ಕ. ಅರ್ಹತೆಗಾಗಿ ತೋರಿಸಿದ್ದ ಕೊರತೆಯ ಅಂಕಿ ಸರಿಯಿರಲಿಲ್ಲ, ಅದು ಶೇ. 3ಕ್ಕಿಂತ ಹೆಚ್ಚೇ ಇತ್ತು ಎಂಬುದು 2004ರಲ್ಲಿ ಹೊರಬಿತ್ತು. ಅಷ್ಟರಲ್ಲಿ ಮದುವೆ ಮುಗಿದು ಊಟವೂ ಆಗಿತ್ತು!

ಯೂರೋ ಬಂದದ್ದರಿಂದ ಗ್ರೀಸ್‌ಗೆ ಸಿಕ್ಕ ದೊಡ್ಡ ವರವೆಂದರೆ ಅಗ್ಗದ ಸಾಲ. ದ್ರಾಕ್ಮಾದ ಬೆಲೆ ಯಾವಾಗ ಕುಸಿಯುವುದೋ ಎಂಬ ಭಯದಿಂದ 1990ರ ದಶಕದ ಆರಂಭದಲ್ಲಿ ಅದಕ್ಕೆ ಸಾಲ ಕೊಡುವವರು ಶೇ. 20ರ ಆಸುಪಾಸಿನ ಬಡ್ಡಿ ಕೇಳುತ್ತಿದ್ದರು. ಯೂರೋ ಬಂದಮೇಲೆ ಆ ಭಯ ಹೋಯಿತು. 2005ರ ಹೊತ್ತಿಗೆ ಜರ್ಮನಿಯ ಸಾಲಪತ್ರಕ್ಕೂ ಗ್ರೀಸ್‌ನ ಸಾಲಪತ್ರಕ್ಕೂ ಬಡ್ಡಿಯಲ್ಲಿದ್ದ ಅಂತರ ಅರ್ಧ ಶೇಕಡಾಕ್ಕೂ ಕಡಿಮೆ. ಒಂದೇ ನಾಣ್ಯವೆಂದ ಮಾತ್ರಕ್ಕೆ ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಂತಂತಲ್ಲ. ಯಾರೂ ಯಾರ ಸಾಲವನ್ನೂ ಹೊರುವುದಿಲ್ಲವೆಂದು ಒಪ್ಪಂದದಲ್ಲೇ ಬರೆದಿತ್ತು. ಸಾಲ ಕೊಟ್ಟ ಫ್ರೆಂಚ್, ಜರ್ಮನ್ ಬ್ಯಾಂಕುಗಳು ಅದನ್ನು ನಂಬಿದಂತೆ ಕಾಣಲಿಲ್ಲ.

ಬಂದ ಹಣ ಎಲ್ಲಿ ಹೋಯಿತು? ಸರ್ಕಾರಿ ಸಂಬಳ, ಪಿಂಚಣಿ, ಯುದ್ಧ ಸಾಮಗ್ರಿ ಖರೀದಿ, 2004ರ ಒಲಿಂಪಿಕ್ಸ್. ಇನ್ನೊಂದು ಕಡೆ ತೆರಿಗೆಯೇ ಸರಿಯಾಗಿ ವಸೂಲಾಗುತ್ತಿರಲಿಲ್ಲ. ಅಥೆನ್ಸಿನ ಶ್ರೀಮಂತ ಬಡಾವಣೆಗಳಲ್ಲಿ ಮನೆಗೆ ಈಜುಕೊಳವಿದೆಯೆಂದು ತೆರಿಗೆ ಪತ್ರದಲ್ಲಿ ಒಪ್ಪಿಕೊಂಡವರು 324 ಮಂದಿ. ಉಪಗ್ರಹ ಚಿತ್ರ ತೆಗೆಸಿ ಎಣಿಸಿದರೆ ಸಿಕ್ಕ ಕೊಳಗಳು 16,974 ಎಂದು 2010ರಲ್ಲಿ ಪತ್ರಿಕೆಗಳಲ್ಲಿ ಬಂತು.

ಆದರೆ ಇಷ್ಟಕ್ಕೇ ನಿಂತರೆ ರೋಗದ ಅರ್ಧ ಭಾಗ ಮಾತ್ರ ಕಂಡಂತೆ. ಉಳಿದರ್ಧ ಒಕ್ಕೂಟದ ಕಟ್ಟಡದಲ್ಲೇ ಇದೆ. ಸಾಲದ ಹಣ ಹರಿದು ಬಂದಾಗ ಗ್ರೀಸ್‌ನಲ್ಲಿ ಕೂಲಿಯೂ ಬೆಲೆಯೂ ಏರಿದವು, ಅದರ ಸರಕು ಹೊರಗೆ ದುಬಾರಿಯಾಯಿತು. ಅದೇ ಕಾಲದಲ್ಲಿ ಜರ್ಮನಿ ಕೂಲಿಯನ್ನು ಹಿಡಿದಿಟ್ಟು ರಫ್ತು ಹೆಚ್ಚಿಸಿಕೊಂಡಿತು. ಸ್ವಂತ ನಾಣ್ಯವಿದ್ದ ದೇಶ ಇಂಥ ಹೊತ್ತಿನಲ್ಲಿ ಅದನ್ನು ಅಪಮೌಲ್ಯಗೊಳಿಸುತ್ತದೆ. 1991ರ ಜುಲೈಯಲ್ಲಿ ವಿದೇಶಿ ವಿನಿಮಯ ಬರಿದಾದಾಗ ನಮ್ಮ ಸರ್ಕಾರ ಚಿನ್ನ ಒತ್ತೆಯಿಟ್ಟಿತು ನಿಜ, ಜೊತೆಗೆ ಎರಡು ಕಂತಿನಲ್ಲಿ ರೂಪಾಯಿಯ ಬೆಲೆಯನ್ನೂ ಇಳಿಸಿತು. ಗ್ರೀಸ್‌ನ ಕೈಯಲ್ಲಿ ಆ ಅಸ್ತ್ರವಿರಲಿಲ್ಲ. ಬಡ್ಡಿ ದರ ಗೊತ್ತು ಮಾಡುವುದು ಫ್ರಾಂಕ್‌ಫರ್ಟ್‌ನ ಐರೋಪ್ಯ ಕೇಂದ್ರ ಬ್ಯಾಂಕು. ನೋಟು ಮುದ್ರಣದ ತೀರ್ಮಾನವೂ ಅದರದೇ. ಕೂಲಿ ಕಡಿತ, ಖರ್ಚು ಕಡಿತಗಳ ನೋವಿನ ದಾರಿ ಒಂದೇ ಉಳಿದಿತ್ತು.

ಕರ್ನಾಟಕ ಸರ್ಕಾರವೂ ನೋಟು ಅಚ್ಚು ಹಾಕಲಾರದು, ನಿಜ. ಆದರೆ ಇಲ್ಲಿ ಹಣಕಾಸು ಆಯೋಗದ ಮೂಲಕ ಕೇಂದ್ರ ತೆರಿಗೆಯ ಪಾಲು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಹಂಚಿಕೆ ನ್ಯಾಯವೋ ಅನ್ಯಾಯವೋ ಎಂಬ ಜಗಳ ಬೇರೆ. ಹಂಚುವ ಏರ್ಪಾಡಾದರೂ ಇದೆ. ಯೂರೋ ಕಟ್ಟಿದವರು ನಾಣ್ಯವನ್ನು ಒಂದು ಮಾಡಿದರು, ಖಜಾನೆಯನ್ನು ಬೇರೆ ಬೇರೆಯಾಗಿಯೇ ಬಿಟ್ಟರು.

2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಸಾಲಿಗರೆಲ್ಲ ಎಚ್ಚೆತ್ತರು. 2009ರ ಅಕ್ಟೋಬರ್‌ನಲ್ಲಿ ಜಾರ್ಜ್ ಪಪಾಂಡ್ರೂ ಅವರ ಸರ್ಕಾರ ಅಧಿಕಾರಕ್ಕೆ ಬಂದು ಲೆಕ್ಕ ತೆಗೆಯಿತು. ಹಿಂದಿನವರು ಆ ವಸಂತದಲ್ಲಿ ಶೇ. 3.7 ಎಂದು ತಿಳಿಸಿದ್ದ ಕೊರತೆ ಶೇ. 12ನ್ನು ಮೀರಿತ್ತು, ಕೊನೆಯ ಎಣಿಕೆಯಲ್ಲಿ ಅದು ಶೇ. 15ನ್ನೂ ದಾಟಿತು. ಬಡ್ಡಿ ಏರಿತು. ಬಡ್ಡಿ ಏರಿದಷ್ಟೂ ಸಾಲ ತೀರದೆಂಬ ಭಯ, ಭಯ ಹೆಚ್ಚಿದಷ್ಟೂ ಬಡ್ಡಿ. 2010ರ ಮೇ ತಿಂಗಳಲ್ಲಿ ಯೂರೋ ದೇಶಗಳು ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ ಸೇರಿ 11,000 ಕೋಟಿ ಯೂರೋ ಸಾಲ ಒಪ್ಪಿದವು. ಈ ಹಣದ ಬಹುಪಾಲು ಹಳೆಯ ಸಾಲಿಗರಿಗೆ ಹೋಯಿತೇ ಹೊರತು ಗ್ರೀಕರ ಮನೆಗಲ್ಲ. ಖಾಸಗಿ ಸಾಲಿಗರು ಅಸಲಿನಲ್ಲಿ ಅರ್ಧಕ್ಕೂ ಹೆಚ್ಚು ಬಿಡಬೇಕಾಗಿ ಬಂದದ್ದು 2012ರ ಮಾರ್ಚ್‌ನಲ್ಲಿ. ಅಷ್ಟರೊಳಗೆ ಹಲವು ಬ್ಯಾಂಕುಗಳು ಜಾಗ ಖಾಲಿ ಮಾಡಿದ್ದವು.

ಗ್ರೀಕರು ಸೋಮಾರಿಗಳು, ಅದಕ್ಕೇ ಹೀಗಾಯಿತು ಎಂಬ ಮಾತು ಆಗ ಜರ್ಮನ್ ಪತ್ರಿಕೆಗಳಲ್ಲಿ ಧಾರಾಳವಾಗಿ ಬಂತು. ವರ್ಷಕ್ಕೆ ದುಡಿಯುವ ಗಂಟೆಗಳ ಲೆಕ್ಕದಲ್ಲಿ ಗ್ರೀಕರು ಜರ್ಮನರಿಗಿಂತ ಎಷ್ಟೋ ಮುಂದಿದ್ದಾರೆ. ದುಂದುವೆಚ್ಚವೊಂದೇ ಕಾರಣವಾಗಿದ್ದರೆ ಐರ್ಲೆಂಡ್, ಸ್ಪೇನ್‌ಗಳು ಮುಗ್ಗರಿಸಬೇಕಿರಲಿಲ್ಲ. 2007ರಲ್ಲಿ ಸ್ಪೇನ್‌ನ ಮುಂಗಡಪತ್ರದಲ್ಲಿ ಉಳಿತಾಯವಿತ್ತು, ಅದರ ಸಾಲವೂ ಶೇ. 60ರ ಮಿತಿಗಿಂತ ಬಹಳ ಕೆಳಗಿತ್ತು. ಅಲ್ಲಿ ಕೆಟ್ಟವರು ಮನೆ ಕಟ್ಟುವವರಿಗೆ ಸಾಲ ಕೊಟ್ಟ ಬ್ಯಾಂಕುಗಳು. ಅಗ್ಗದ ಸಾಲ ಒಂದೊಂದು ದೇಶದಲ್ಲಿ ಒಂದೊಂದು ಬಾಗಿಲಿನಿಂದ ಒಳನುಗ್ಗಿತು ಅಷ್ಟೆ.

ಬೆಲೆ ತೆತ್ತವರು ಮಾತ್ರ ಈಜುಕೊಳದ ಒಡೆಯರಲ್ಲ. ಪಿಂಚಣಿಗೆ ಮತ್ತೆ ಮತ್ತೆ ಕತ್ತರಿ ಬಿತ್ತು. ಉತ್ಪಾದನೆ ಕಾಲು ಭಾಗದಷ್ಟು ಕುಗ್ಗಿತು. 2013ರಲ್ಲಿ ನಿರುದ್ಯೋಗ ಶೇ. 27. ಓದಿದ ಯುವಕರು ದೊಡ್ಡ ಸಂಖ್ಯೆಯಲ್ಲಿ ದೇಶ ಬಿಟ್ಟರು. ಉತ್ಪಾದನೆಯೇ ಕುಗ್ಗಿದ್ದರಿಂದ, ಖರ್ಚು ಕಡಿದರೂ ಸಾಲದ ಪ್ರಮಾಣ ಇಳಿಯಲಿಲ್ಲ. 2015ರ ಬೇಸಿಗೆಯಲ್ಲಿ ಬ್ಯಾಂಕುಗಳು ಮುಚ್ಚಿದ್ದಾಗ ಒಬ್ಬರಿಗೆ ದಿನಕ್ಕೆ 60 ಯೂರೋ ಮಾತ್ರ ತೆಗೆಯಲು ಅವಕಾಶ. ಜುಲೈ 5ರ ಜನಮತಗಣನೆಯಲ್ಲಿ ಶೇ. 61 ಜನ ಸಾಲಿಗರ ಷರತ್ತುಗಳಿಗೆ ಬೇಡವೆಂದರು. ಒಂದು ವಾರ ಕಳೆಯುವುದರಲ್ಲಿ ಪ್ರಧಾನಿ ಸಿಪ್ರಾಸ್ ಅವಕ್ಕಿಂತ ಮೃದುವೇನಲ್ಲದ ಷರತ್ತುಗಳಿಗೆ ಒಪ್ಪಿ ಮೂರನೆಯ ಸಾಲ ಪಡೆದರು.

ಆ ಸಾಲದ ಕಾರ್ಯಕ್ರಮ 2018ರ ಆಗಸ್ಟ್‌ನಲ್ಲಿ ಮುಗಿಯಿತು. ಯೂರೋ ಬಿಡುವ ಮಾತು ಬಂದಾಗಲೆಲ್ಲ ಬಹುಪಾಲು ಗ್ರೀಕರು ಬೇಡವೆಂದೇ ಹೇಳುತ್ತ ಬಂದರು. ನೆರವಾಗಿ ಬಂದ ಸಾಲಗಳ ಕಂತು ಕಟ್ಟುವುದು 2060ರ ನಂತರವೂ ಮುಂದುವರಿಯಲಿದೆ.