ನಿಮಗಿದು ಗೊತ್ತೇ? ಲಿನಕ್ಸ್‌ನಲ್ಲಿ ಹಾಡು ಮೂಕಾಗುವ ಗುಟ್ಟು!

ಲಿನಕ್ಸ್ ಕಂಪ್ಯೂಟರಿನಲ್ಲಿ ಹಾಡು ಒತ್ತಿದಿರಿ. ಸದ್ದೇ ಇಲ್ಲ! ಫೈಲ್ ಕೆಟ್ಟಿದೆ ಅಂದುಕೊಂಡಿರಾ? ತಡೆಯಿರಿ, ಕಳ್ಳ ಬೇರೆಲ್ಲೋ ಇರಬಹುದು.

2002ರಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸ್ 8.0ರಲ್ಲಿ ಎಂಪಿ3 ಹಾಡುಗಳು ನುಡಿಯುತ್ತಲೇ ಇರಲಿಲ್ಲ. ತಂತ್ರಜ್ಞಾನ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಅಡ್ಡ ಬಂದದ್ದು ಪೇಟೆಂಟ್. ಅದೇ ಬಳಗದ ಫೆಡೋರಾ ತಾನಾಗಿ ಎಂಪಿ3 ನುಡಿಸಲು 2016ರ ನವೆಂಬರ್‌ವರೆಗೆ ಕಾಯಬೇಕಾಯಿತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಎಂಪಿ3 ಪರವಾನಗಿ ಕೊಡುವುದನ್ನೇ ನಿಲ್ಲಿಸಿದ್ದು 2017ರ ಏಪ್ರಿಲ್‌ನಲ್ಲಿ. ಒಂದು ಹಾಡು ಕೇಳಲು ಹದಿನಾಲ್ಕು ವರ್ಷ!

ಪೇಟೆಂಟ್ ಕಾಟ ಮುಗಿದರೂ ಸದ್ದಿಲ್ಲವೇ? ಲಿನಕ್ಸ್‌ನ ಧ್ವನಿ ವ್ಯವಸ್ಥೆ ಆಲ್ಸಾ. ಹಿಂದೆ ಅದನ್ನು ಹೊಸದಾಗಿ ಹಾಕಿದರೆ ಎಲ್ಲ ವಾಲ್ಯೂಮ್‌ಗಳೂ ಮ್ಯೂಟ್ ಆಗಿಯೇ ಇರುತ್ತಿದ್ದವು! ಈಗಲೂ ಟರ್ಮಿನಲ್‌ನಲ್ಲಿ ಅದರ ವಾಲ್ಯೂಮ್ ಹಲಗೆಯಾದ ಆಲ್ಸಾಮಿಕ್ಸರ್ ತೆರೆದು ನೋಡಿ. ಪಟ್ಟಿಯ ಕೆಳಗೆ ಎರಡು 'ಎಂ' ಕಂಡರೆ ಅದು ಬಾಯಿ ಮುಚ್ಚಿದೆ ಎಂದರ್ಥ. 'ಎಂ' ಕೀಲಿ ಒಮ್ಮೆ ಒತ್ತಿ. ಹಾಡು ಶುರು!

ಕೆಲವೊಮ್ಮೆ ಹಾಡು ನಿಜವಾಗಿಯೂ ನುಡಿಯುತ್ತಲೇ ಇರುತ್ತದೆ. ಆದರೆ ಸದ್ದು ಎಚ್‌ಡಿಎಂಐ ತಂತಿ ಹಿಡಿದು ಮಾನಿಟರಿಗೆ ಹೋಗಿರುತ್ತದೆ. ಆ ಮಾನಿಟರಿಗೆ ಸ್ಪೀಕರೇ ಇಲ್ಲ! ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಬದಲಿಸಿದರೆ ಆಯಿತು.

ಫೈಲಿನ ಹೆಸರನ್ನು ನಂಬಬೇಡಿ. ಕೊನೆಯಲ್ಲಿ ಎಂಪಿ3 ಎಂದಿದ್ದರೂ ಒಳಗೆ ಬೇರೇನೋ ಇರಬಹುದು. 'ಫೈಲ್' ಎಂಬ ಪುಟ್ಟ ಕಮಾಂಡ್ ಒಳಗಿನ ಬೈಟ್‌ಗಳನ್ನೇ ಓದಿ ನಿಜ ಹೇಳುತ್ತದೆ. ಹೆಸರು ಬದಲಿಸಿ ಅದಕ್ಕೆ ಮಂಕುಬೂದಿ ಎರಚಲು ಆಗದು!

ಇನ್ನು ನಮ್ಮ ಕನ್ನಡದ ವಿಷಯ, ಇದು ನನಗೆ ಬಲು ಇಷ್ಟ. ಹಳೆಯ ಎಂಪಿ3 ಫೈಲಿನ ಕಟ್ಟಕಡೆಯ 128 ಬೈಟ್‌ಗಳಲ್ಲಿ ಹಾಡಿನ ವಿವರ, ಅಂದರೆ ಐಡಿ3 ಟ್ಯಾಗ್, ಇರುತ್ತದೆ. ಅದರಲ್ಲಿ ಶೀರ್ಷಿಕೆಗೆ ಸಿಗುವುದು ಬರೀ 30 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಗುಣಿತದ ಚಿಹ್ನೆಗೆ ಮೂರು, ಒತ್ತಕ್ಷರ ಮೂಡಿಸುವ ವಿರಾಮಕ್ಕೂ ಮೂರು! 'ನಿತ್ಯೋತ್ಸವ' ಎಂದು ಬರೆಯಿರಿ. ಎಣಿಸಿದರೆ ಹತ್ತು ಸಂಕೇತ, ಸರಿಯಾಗಿ 30 ಬೈಟ್. ಒಂದು ಚುಕ್ಕೆಗೂ ಜಾಗ ಉಳಿಯಲಿಲ್ಲ! ಅದಕ್ಕಿಂತ ಉದ್ದದ ಹೆಸರಿಟ್ಟರೆ ಬಾಲ ಕತ್ತರಿಸಿಹೋಗುತ್ತದೆ. ಪರಿಹಾರವೂ ಇದೆ. ಕಿಡ್3ಯಂಥ ಉಚಿತ ತಂತ್ರಾಂಶ ಹಾಕಿಕೊಂಡು ಹೊಸ ಮಾದರಿಯ ಐಡಿ3 ಟ್ಯಾಗ್ ಬರೆಯಿರಿ. ಅದು ಯೂನಿಕೋಡ್ ಬಲ್ಲದು, ಜಾಗವೂ ಧಾರಾಳ.

ಅದೇ ಲೆಕ್ಕ ಫೈಲಿನ ಹೆಸರಿಗೂ ಉಂಟು! ಲಿನಕ್ಸ್‌ನ ಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಅಂದರೆ ಕನ್ನಡದ 85 ಸಂಕೇತಗಳು, ಅಷ್ಟೇ. ವಿಂಡೋಸ್‌ನಲ್ಲಿ ಪಲ್ಲವಿ, ಗಾಯಕರು, ಚಿತ್ರ ಎಲ್ಲ ಸೇರಿಸಿ ಉದ್ದುದ್ದ ಹೆಸರಿಟ್ಟ ಹಾಡು ಇಲ್ಲಿಗೆ ಕಾಪಿಯೇ ಆಗದಿರಬಹುದು. ಹಾಡಿನ ತಪ್ಪಲ್ಲ, ಹೆಸರಿನ ಉದ್ದದ್ದು!

ಸದ್ದು ಬಂದರೂ ಒಡೆದು ಕೇಳುತ್ತಿದೆಯೇ? ಆಲ್ಸಾ ಮೇಲೆ ಕೆಲಸ ಮಾಡುವ ಪಲ್ಸ್‌ಆಡಿಯೋ ಎಂಬ ಧ್ವನಿ ತಂತ್ರಾಂಶದ ವಾಲ್ಯೂಮ್ ಪಟ್ಟಿ 100ಕ್ಕೆ ನಿಲ್ಲುವುದಿಲ್ಲ, ಗೊತ್ತೇ? 153 ಪ್ರತಿಶತದವರೆಗೂ ಹೋಗುತ್ತದೆ! ಹಾಡು ಗೊರಗೊರ ಎನ್ನುತ್ತಿದ್ದರೆ ಸ್ಪೀಕರನ್ನು ಬೈಯುವ ಮುನ್ನ ಅಲ್ಲಿ ನೋಡಿ.

ಫೈಲ್ ನಿಜವಾಗಿಯೂ ಕೆಟ್ಟಿದ್ದರೆ? ಫ್ಲ್ಯಾಕ್ ಎಂಬ ಮಾದರಿಯ ಹಾಡಾದರೆ ಅದೇ ಸಾಕ್ಷಿ ಹೇಳುತ್ತದೆ! ಮೂಲ ಧ್ವನಿಯ ಎಂಡಿ5 ಗುರುತನ್ನು, ಬರೀ 16 ಬೈಟ್‌ನಷ್ಟು, ಅದು ತನ್ನ ತಲೆಯಲ್ಲೇ ಇಟ್ಟುಕೊಂಡಿರುತ್ತದೆ. ಎಷ್ಟೋ ವರ್ಷದ ಮೇಲೆ ಪರೀಕ್ಷಿಸಿದರೂ ಹೊಂದಿಕೆಯಾಗದಿದ್ದರೆ ಥಟ್ಟನೆ ಹೇಳಿಬಿಡುತ್ತದೆ. ಮನೆಯ ಹಳೆ ಸೀಡಿಗಳನ್ನು ಫ್ಲ್ಯಾಕ್ ಮಾಡಿಟ್ಟಿದ್ದೀರಾ? ಇವತ್ತೇ ಒಮ್ಮೆ ಕೇಳಿ ನೋಡಿ!